ಗುರುವಾರ ನಾಲ್ಕು ಗಂಟೆಯ ಅಧ್ಯಕ್ಷರು

ಮುಚ್ಚಿದ ಬಾಗಿಲನ್ನು ಕಂಡರೆ ನಮ್ಮ ಅಧ್ಯಕ್ಷರಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ, ಎಡಗೈಯಲ್ಲಿ ಐದು ಲೀಟರಿನ ಫ್ಲಾಸ್ಕನ್ನು ತೂಗಾಡಿಸಿಕೊಂಡು, ಅದರ ಭಾರಕ್ಕೆ ಬಲಕ್ಕೆ ವಾಲಿ, ಕಂದು ಕೋಟಿನ ಜೇಬಿನಲ್ಲಿ ಚಮಚಗಳನ್ನು ಕಿಣಿಕಿಣಿಗುಟ್ಟಿಸುತ್ತ ಸಂಶೋಧನಾ ವಿಭಾಗದ ಆ ಮಬ್ಬು ಕಾರಿಡಾರಿನಲ್ಲಿ ಬರುತ್ತಿದ್ದ ಅವರು, ಸಿಕ್ಕಸಿಕ್ಕ ಬಾಗಿಲಿಗೆಲ್ಲ ಎರಡು ಸಲ ಬಡಿದು, ಒಳಗಿನವರು ಯಾರೆಂದು ಕೇಳುವ ಮೊದಲೇ ತಲೆ ತೂರಿಸುತ್ತಿದ್ದರು. "ನಾಲ್ಕಾಯ್ತು ಕಣ್ರೀ, ಏಳಿ, ಏಳಿ. ಜ್ಞಾನ ಎಲ್ಲೂ ಓಡಿಹೋಗಲ್ಲ, ಚಹಾ ಆರಿಹೋಗುತ್ತೆ."

ಅಧ್ಯಕ್ಷರೆಂದರೆ ಸಾಮ್ರಾಜ್ಯವೇನೂ ಇರಲಿಲ್ಲ. ಸಂಶೋಧನಾ ವಿದ್ಯಾರ್ಥಿಗಳ ಸಂಘದಲ್ಲಿ ಸದಸ್ಯರು ಹತ್ತೊಂಬತ್ತು, ನಿಯಮಗಳು ನಲವತ್ತೊಂದು. ನಿಯಮಗಳ ಈ ಸಮೃದ್ಧಿಗೆ ಕಾರ್ಯದರ್ಶಿಯಾಗಿದ್ದ ನಾನೇ ಕಾರಣ. ಸಂವಿಧಾನ ಬರೆದವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆಂಬ ಭ್ರಮೆ ನನಗೆ ಆ ವಯಸ್ಸಿನಲ್ಲಿ ದಟ್ಟವಾಗಿತ್ತು. ಅಧ್ಯಕ್ಷರು ಸಂಘ ಕಟ್ಟಿದ್ದಕ್ಕೆ ಕಾರಣ ಬೇರೆ. ಸಂಶೋಧನೆಗೆ ಸೇರಿದ ಮೊದಲ ವರ್ಷ ಒಮ್ಮೆ ಅವರು ಶುಕ್ರವಾರ ಸಂಜೆ ಕೋಣೆ ಸೇರಿ ಸೋಮವಾರ ಬೆಳಿಗ್ಗೆ ಹೊರಬಂದು, ಅಂಗಡಿಯಲ್ಲಿ ಬ್ರೆಡ್ ಕೇಳಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲವಂತೆ. "ಮೂರು ದಿನ ಮಾತೇ ಆಡಿರ್ಲಿಲ್ಲ ನೋಡಿ. ಗಂಟಲು ನನ್ನ ಮರೆತುಬಿಟ್ಟಿತ್ತು" ಎಂದು ನಗುತ್ತಲೇ ಹೇಳುತ್ತಿದ್ದರು, ಆದರೆ ಕೈ ತನಗೆ ತಾನೇ ಕೊರಳಿಗೆ ಹೋಗುತ್ತಿತ್ತು.

ನಲವತ್ತೊಂದರಲ್ಲಿ ಅವರದೇ ಕೃತಿಯಾಗಿದ್ದದ್ದು ಹದಿನಾಲ್ಕನೆಯ ನಿಯಮವೊಂದೇ: ಚಹಾದ ಹೊತ್ತಿನಲ್ಲಿ ಯಾರೂ ಯಾರನ್ನೂ ಪ್ರಬಂಧ ಎಲ್ಲಿಗೆ ಬಂತೆಂದು ಕೇಳತಕ್ಕದ್ದಲ್ಲ, ಕೇಳಿದವರು ಅಂದಿನ ಕಪ್ಪುಗಳನ್ನೆಲ್ಲ ತೊಳೆಯತಕ್ಕದ್ದು. ಮನೆಯಲ್ಲಿ ಅಪ್ಪ, ಮದುವೆಮನೆಯಲ್ಲಿ ಸೋದರಮಾವ, ಮೆಟ್ಟಿಲ ಮೇಲೆ ಗೈಡು, ಎಲ್ಲರ ಬಾಯಲ್ಲೂ ಅದೇ ಪ್ರಶ್ನೆಯನ್ನು ಕೇಳಿ ಕೇಳಿ ಜರ್ಜರಿತರಾಗಿದ್ದ ನಮಗೆ ಆ ಒಂದು ಗಂಟೆ ಅಭಯಾರಣ್ಯವಾಗಿತ್ತು.

ಅಭಯಾರಣ್ಯದ ಮೂಲೆಯ ಕುರ್ಚಿ ಜೇಡಪ್ಪನದು. ಜೇಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದುದರಿಂದ ಆ ಹೆಸರು. ಮಿತಭಾಷಿ, ಒಂದು ಗುರುವಾರವನ್ನೂ ತಪ್ಪಿಸದವನು. ಯಾರನ್ನೂ ಏನೂ ಕೇಳದಿದ್ದರೂ ಕೊನೆಗೆ ಕಪ್ಪುಗಳನ್ನು ತೊಳೆಯಲು ಅವನೇ ಏಳುತ್ತಿದ್ದ. ಅಧ್ಯಕ್ಷರು ತಡೆದರೆ, "ಇರ್ಲಿ ಬಿಡಿ. ಮುಂದೆ ಯಾವತ್ತಾದ್ರೂ ಕೇಳ್ಬೇಕು ಅನ್ಸುತ್ತಲ್ಲ, ಈಗ್ಲೇ ತೊಳೆದಿಟ್ಟಿರ್ತೀನಿ" ಎನ್ನುತ್ತಿದ್ದ. ನಾವು ನಗುತ್ತಿದ್ದೆವು.

ಒಂದು ಗುರುವಾರ ಮೂಲೆಯ ಕುರ್ಚಿ ಖಾಲಿಯಿತ್ತು. ಅಧ್ಯಕ್ಷರು ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟರು. "ರೂಮ್ ಹತ್ರ ಹೋಗಿ ನೋಡ್ಕೊಂಡು ಬರ್ಲಾ?" ಎಂದು ಎದ್ದೇಬಿಟ್ಟರು.

"ಎಲ್ಲಿಗೆ ಹೊರಟ್ರಿ ಅಧ್ಯಕ್ಷರೆ?" ಎಂದೆ ನಾನು. "ಬರೀತಿದಾನೆ ಅವನು, ಇನ್ನೇನು! ಕೊನೇ ಅಧ್ಯಾಯ ಬರೆಯೋನ ಬಾಗಿಲು ತಟ್ಟೋದು ಮಹಾಪಾಪ."

ಸಂಶೋಧಕರ ಲೋಕದಲ್ಲಿ ಕಣ್ಮರೆಯಾದವನಿಗೆ ನಾವು ಕಲ್ಪಿಸಬಲ್ಲ ಭಾಗ್ಯ ಅದೊಂದೇ. ಎಲ್ಲರೂ ಅಸೂಯೆಯಿಂದ ತಲೆಯಾಡಿಸಿದರು, ಅಧ್ಯಕ್ಷರು ಕೂತರು. ಜೇಡಪ್ಪನಿಗೆ ಅಭಿನಂದನೆ ಸೂಚಿಸುವ ನಿರ್ಣಯವೊಂದನ್ನು ನಾನು ಸುಲಲಿತವಾದ ಗದ್ಯದಲ್ಲಿ ನಡಾವಳಿ ಪುಸ್ತಕಕ್ಕೆ ಇಳಿಸಿದೆ. ಮುಂದಿನ ಎರಡು ವಾರಗಳಲ್ಲಿ ನಮ್ಮ ಅಸೂಯೆ ಇನ್ನಷ್ಟು ಬೆಳೆಯಿತು.

ನಾಲ್ಕನೆಯ ಗುರುವಾರ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಜೇಡಪ್ಪನ ಅಕ್ಕ. ಕುರ್ಚಿ ಕೊಟ್ಟರೂ ಕೂರಲಿಲ್ಲ. ತಮ್ಮ ಹೋಗಿಬಿಟ್ಟ ಎಂದರು. ಮೂರು ವಾರದ ಹಿಂದೆ ಬುಧವಾರ ಜ್ವರ ಹಿಡಿದಿತ್ತಂತೆ, ಎದೆಯಲ್ಲಿ ಕಫ ಕಟ್ಟಿ ಶನಿವಾರದ ಹೊತ್ತಿಗೆ ಉಸಿರು ನಿಂತಿತ್ತು. ಸೋಮವಾರ ಮನೆ ಮಾಲೀಕರು ಬಾಗಿಲು ಒಡೆದಿದ್ದರು. ನಾನು ಮನಸ್ಸಿನಲ್ಲೇ ದಿನ ಎಣಿಸಿದೆ. ನಾವು ಅಭಿನಂದಿಸಿದ ಗುರುವಾರ ಅವನು ಜ್ವರದಲ್ಲಿದ್ದ, ಆದರೆ ಬದುಕಿದ್ದ.

ಆಕೆ ಚೀಲದಿಂದ ಒಂದು ಕಾಗದ ತೆಗೆದರು. ಎಂಟು ತಿಂಗಳ ಹಿಂದೆಯೇ ಅವನ ನೋಂದಣಿ ರದ್ದಾಗಿದೆ ಎಂದಷ್ಟೇ ಅದರಲ್ಲಿತ್ತು; ಗೈಡು ನಿವೃತ್ತರಾದ ಮೇಲೆ ಬೇರೆ ಗೈಡು ಒಪ್ಪಿರಲಿಲ್ಲವೆಂದು ನಮಗೆ ತಿಳಿದದ್ದು ಆಮೇಲೆ. ಲ್ಯಾಬಿಲ್ಲ, ಮೇಜಿಲ್ಲ. ಊರಿನ ಆ ತುದಿಯಿಂದ ಎರಡು ಬಸ್ಸು ಬದಲಾಯಿಸಿ ಅವನು ಬರುತ್ತಿದ್ದದ್ದು ಚಹಾಕ್ಕೆ.

"ಫೋನ್ ಮಾಡ್ದಾಗೆಲ್ಲ, ಇಲ್ಲಿ ಸ್ನೇಹಿತರಿದಾರೆ ಅಕ್ಕ, ಯೋಚ್ನೆ ಮಾಡ್ಬೇಡ ಅಂತಿದ್ದ" ಎಂದರು ಆಕೆ. "ನಮಗೆ ಇದ್ಯಾವ್ದೂ ಹೇಳ್ಲಿಲ್ಲ. ನಿಮಗಂತೂ ಹೇಳಿರ್ತಾನೆ. ಅವನ ಓದು ಎಲ್ಲಿಗೆ ಬಂದಿತ್ತು? ಯಾಕೆ ಬಿಡಿಸಿದ್ರು?"



"ನಾವು ಕೇಳ್ತಿರ್ಲಿಲ್ಲಮ್ಮ" ಎಂದರು ಹದಿನೆಂಟು ಜನ ವಿದ್ವಾಂಸರ ಪರವಾಗಿ ಅಧ್ಯಕ್ಷರು.

"ಯಾಕಪ್ಪಾ?"

"ಕೇಳ್ಬಾರ್ದು ಅಂತ... ನಿಯಮ ಇತ್ತು."

ಆಕೆ ಬೈಯಲಿಲ್ಲ, ಅಳಲಿಲ್ಲ. ತಿಳಿಯದೆ ಏನನ್ನೋ ಒಡೆದುಹಾಕಿದ ಮಗುವನ್ನು ನೋಡುವಂತೆ ಅವರನ್ನು ನೋಡಿ, ಕಾಗದ ಮಡಿಸಿಕೊಂಡು ಹೊರಟುಹೋದರು.

ಮರುದಿನವೇ ಅಧ್ಯಕ್ಷರು ಹದಿನಾಲ್ಕನೆಯ ನಿಯಮವನ್ನು ಹೊಡೆದುಹಾಕಿದರು. "ಕೋರಂ ಇಲ್ಲ, ಅಧ್ಯಕ್ಷರೆ" ಎಂದು ನಾನು ಎಚ್ಚರಿಸಿದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಆಮೇಲೆ ಅವರು ಎಲ್ಲರನ್ನೂ ಎಲ್ಲವನ್ನೂ ಕೇಳತೊಡಗಿದರು: ಗೈಡು ಮಾತಾಡಿಸುತ್ತಾರಾ, ಊಟ ಆಯಿತಾ, ಕಣ್ಣು ಯಾಕೆ ಕೆಂಪಗಿದೆ, ರೂಮಿನ ಇನ್ನೊಂದು ಕೀಲಿ ಯಾರ ಹತ್ತಿರ ಇದೆ. ಹೊಸಬನೊಬ್ಬ ಎಲ್ಲರೆದುರಿಗೇ, "ಏನ್ ಸಾರ್, ಗೈಡ್ ನಿಮ್ಮನ್ನ ಗೂಢಚಾರ ಮಾಡ್ಕೊಂಡಿದಾರಾ?" ಎಂದ. ಜನ ಕಡಿಮೆಯಾದರು, ಹದಿನೆಂಟು ಒಂಬತ್ತಾಯಿತು, ಒಂಬತ್ತು ನಾಲ್ಕಾಯಿತು. ಮುಂದಿನ ಚುನಾವಣೆಯಲ್ಲಿ ಅವರನ್ನು ಸೋಲಿಸಲೆಂದೇ ಬಹಳ ಜನ ಬಂದರು. ಗೆದ್ದವನು ನಾನು. ಹದಿನಾಲ್ಕನೆಯ ನಿಯಮ ಸರ್ವಾನುಮತದಿಂದ ಮರುಸ್ಥಾಪನೆಯಾಯಿತು.

ಜನರನ್ನು ಕೂಡಿಸುವವರ ಕುಲವೇ ಹೀಗಿರಬೇಕು. ತಮಗೆ ನೋವಾದ ಜಾಗಕ್ಕೆ ಅವರು ಮೆತ್ತೆ ಹಾಸುತ್ತಾರೆ; ಇನ್ನೊಬ್ಬನಿಗೆ ಇನ್ನೆಲ್ಲೋ ನೋಯುತ್ತಿರಬಹುದೆಂದು ಅವರಿಗೆ ಹೊಳೆಯುವುದು ತಡವಾಗಿ. ಹೊಳೆದ ದಿನದಿಂದ ಅವರು ಒಳ್ಳೆಯ ಮನುಷ್ಯರೂ ಸಹಿಸಲಾಗದ ಜೊತೆಗಾರರೂ ಆಗಿಬಿಡುತ್ತಾರೆ. ಬಳಗ ಬೇಕು ಎನ್ನುವ ನಮಗೆ ಬೇಕಾಗಿರುವುದು ಬಹುಮಟ್ಟಿಗೆ ಪಕ್ಕದಲ್ಲೊಂದು ನಗು, ಅಷ್ಟೇ; ಅದರ ಹಿಂದೆ ಏನಿದೆಯೆಂದು ಕೆದಕುವವನನ್ನು ನಾವು ಮತ ಹಾಕಿ ಮನೆಗೆ ಕಳಿಸುತ್ತೇವೆ.