ರಜಾ ಅರ್ಜಿ

"ಒತ್ತಬ್ಯಾಡ್ರಿ ಸರ್, ಸುಮ್ನ ಸವರ್ರಿ. ಹೋಳಿಗಿ ಮ್ಯಾಲ ತುಪ್ಪ ಸವರಿದಂಗ," ಎಂದಳು ಫಿರ್ದೋಸ್.

ಧೀರೇಂದ್ರ ಲ್ಯಾಪ್‌ಟಾಪಿನ ಟಚ್‌ಪ್ಯಾಡಿನ ಮೇಲೆ ಬೆರಳನ್ನು ಬಲಕ್ಕೆ ಎಳೆದರು. ಪರದೆಯನ್ನು ಓದಿ ಹೇಳುವ ಯಂತ್ರದ ದನಿ ಮುಂದಿನ ಸಾಲನ್ನು ಉಸುರಿತು. ಎಡಕ್ಕೆ ಎಳೆದರೆ ಹಿಂದಿನ ಸಾಲು, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಎರಡು ಬೆರಳಿಂದ ಒಮ್ಮೆ ತಟ್ಟಿದರೆ ಮಾತು ನಿಲ್ಲುತ್ತದೆ. ಹನ್ನೊಂದು ದಿನಕ್ಕೆ ಕಲಿತದ್ದು ಇಷ್ಟೇ.

ಸೇಡಂನ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತರಾಗಿದ್ದವರಿಗೆ ಕಳೆದ ವರ್ಷ ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿದ್ದವು. ರಜೆ ಮುಗಿಯುವುದರೊಳಗೆ ಕಂಪ್ಯೂಟರ್ ಕಲಿತು ತಮ್ಮ ಕುರ್ಚಿಗೇ ಮರಳಬೇಕೆಂಬುದು ಅವರ ಹಟ. ಹುಟ್ಟಿನಿಂದಲೇ ಕಣ್ಣಿಲ್ಲದ ಫಿರ್ದೋಸ್ ಅದಕ್ಕಾಗಿ ದಿನಾ ವಾಡಿಯಿಂದ ಬೆಳಗಿನ ರೈಲಿಗೆ ಬರುತ್ತಿದ್ದಳು.

"ಇವತ್ತ ನಿಮ್ಮ ಮೇಲ್ ನೀವೇ ತೆಗೀರಿ."

ಇಷ್ಟು ದಿನ ಅದನ್ನು ಓದಿ ಹೇಳುತ್ತಿದ್ದವರು ಹೆಂಡತಿ ಭಾಮಾ. ಅವರು ಒಳಗೆ ಚಹಾಕ್ಕೆ ಇಟ್ಟಿದ್ದರು. ಧೀರೇಂದ್ರ ಸವರುತ್ತ ಹೋದರು. ಕಚೇರಿಯ ಹೆಸರು ಕಿವಿಗೆ ಬಿದ್ದದ್ದೇ ತಡ, ಎರಡು ಸಲ ತಟ್ಟಿದರು.

"ತಾವು ಸಲ್ಲಿಸಿದ ಸ್ವಯಂ ನಿವೃತ್ತಿ ಅರ್ಜಿಯನ್ನು ಅಂಗೀಕರಿಸಲಾಗಿದೆ. ಈ ತಿಂಗಳ ಮೂವತ್ತರಂದು ತಮ್ಮನ್ನು ಸೇವೆಯಿಂದ..."

"ನಿಲ್ಲಸ್ರಿ ಸರ್. ಎರಡು ಬೆರಳು," ಫಿರ್ದೋಸ್ ಪಿಸುಗುಟ್ಟಿದಳು.

ಅವರು ನಿಲ್ಲಿಸಲಿಲ್ಲ. ದನಿ ದಿನಾಂಕ, ಕಡತದ ಸಂಖ್ಯೆ, ಸಹಿ ಮಾಡಿದವರ ಹುದ್ದೆ ಎಲ್ಲವನ್ನೂ ಏರಿಳಿತವಿಲ್ಲದೆ ಓದಿ ಮುಗಿಸಿತು. ಒಳಗೆ ಒಲೆ ಆರಿಸಿದ ಸದ್ದಾಯಿತು.

"ಭಾಮಾ, ಯುಗಾದಿ ಮುಂದ ನನ್ನ ಬೆರಳು ಹಿಡದು ಸಹಿ ಮಾಡಿಸಿದ್ದ್ಯಲ್ಲ, ಅದು ರಜಾ ಅರ್ಜಿ ಅಂದಿದ್ದಿ."

ಬಾಗಿಲಲ್ಲಿ ಬಳೆ ಅಲುಗಿದವು.

"ಕಣ್ಣು ಹೋದ ಮ್ಯಾಲ ಒಂದ ದಿನ ಆಫೀಸಿಗೆ ಹೋದ್ರಲ್ಲ, ಅವತ್ತ ನಾ ಹೊರಗ ನಿಂತು ನೋಡೀನ್ರಿ. ನೀವು ಗ್ವಾಡಿ ಹಿಡಕೊಂಡು ಹೊಂಟಿದ್ರಿ. ನಿಮ್ಮ ಕೈಯಾಗ ಕೆಲಸ ಕಲ್ತವರೇ ಬಾಯಿಗೆ ಕೈ ಇಟ್ಕೊಂಡು ನಗಲಿಕತ್ತಿದ್ರು. ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ."

"ಆ ನಗಿ ನನಗೂ ಕೇಳಿಸಿತ್ತು," ಎಂದರು ಧೀರೇಂದ್ರ. "ಆದ್ರೂ ನಾ ಹೋಗವ ಇದ್ದೆ."

ಧೀರೇಂದ್ರ ಫಿರ್ದೋಸಳತ್ತ ತಿರುಗಿದರು.

"ಇವತ್ತ ತಾರೀಖು ಎಷ್ಟಮ್ಮ?"

"ಇಪ್ಪತ್ತೆಂಟ್ರಿ."

"ಇನ್ನ ಎರಡ ದಿನ ಅದ. ಆಫೀಸಿಗೆ ಪತ್ರ ಬರಿಯೋದು ಹೆಂಗಂತ ಕಲಿಸು."

ಆಕೆ ಅವರ ಬೆರಳುಗಳನ್ನು ಹಿಡಿದು ಕೀಲಿಗಳ ಮೇಲೆ ಇರಿಸಿದಳು. ಧೀರೇಂದ್ರ ಒಂದೊಂದೇ ಅಕ್ಷರ ತಡಕಿ ಒತ್ತತೊಡಗಿದರು. ಒತ್ತಿದ್ದನ್ನೆಲ್ಲ ದನಿ ಗಟ್ಟಿಯಾಗಿ ಹೇಳುತ್ತಿತ್ತು. ಭಾಮಾ ಚಹಾದ ಕಪ್ಪುಗಳನ್ನು ಹಿಡಿದು ಬಾಗಿಲಲ್ಲೇ ನಿಂತು, ಮುಂದಿನ ಅಕ್ಷರಕ್ಕೆ ಕಾಯುತ್ತಿದ್ದರು.