ಇಂಗ್ರಿಡಮ್ಮನಿಗೆ ಬ್ಯಾರಿ ಬರುವುದಿಲ್ಲ

ಸೇವೆ ಮಾಡಬೇಕೆಂದು ನಾರ್ವೆಯಿಂದ ಮೂಡಬಿದ್ರೆಗೆ ಬಂದಿಳಿದ ಇಂಗ್ರಿಡ್ ಮತ್ತು ಓಲಾವ್ ದಂಪತಿಗೆ ಮೊದಲ ಕೆಲವು ತಿಂಗಳು ಯಾರೂ ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡಲು ಬಿಡಲಿಲ್ಲ. ಇಬ್ಬರಿಗೂ ಅರವತ್ತೈದು ದಾಟಿತ್ತು. ಇಂಗ್ರಿಡ್ ಊರಲ್ಲಿ ಶಾಲಾ ಮಾಸ್ತರಮ್ಮನಾಗಿದ್ದವಳು. ಓಲಾವ್ ಜೀವಮಾನವೆಲ್ಲ ಕಡಲ ದೋಣಿಗಳ ಇಂಜಿನು ರಿಪೇರಿ ಮಾಡಿದವನು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವುದು ಬೇಡವೆಂದು ಮಿಶನ್ನಿಗೆ ಹೆಸರು ಕೊಟ್ಟಿದ್ದರು. ಮಿಶನ್ನಿನವರು ಎರಡು ವರ್ಷದ ಮಟ್ಟಿಗೆ ಅವರನ್ನು ಇಲ್ಲಿಯ ಸಣ್ಣ ಚರ್ಚಿನ ಹುಡುಗಿಯರ ಹಾಸ್ಟೆಲಿಗೆ ನೆರವಾಗಲು ಕಳುಹಿಸಿದ್ದರು.

ಆದರೆ ನೆರವು ಬೇಕಾದವರು ಯಾರು? ಇಂಗ್ರಿಡ್ ಪಾತ್ರೆ ತೊಳೆಯಲು ಹೋದರೆ ಹುಡುಗಿಯರು ಓಡಿ ಬಂದು ಕೈಯಿಂದ ಕಸಿದುಕೊಳ್ಳುತ್ತಿದ್ದರು. ಓಲಾವ್ ಪಂಪು ಬಿಚ್ಚಲು ಕುಳಿತರೆ ಯಾರಾದರೂ ಕುರ್ಚಿ ತಂದು ಅವನನ್ನು ಎತ್ತಿ ಅದರ ಮೇಲೆ ಕೂರಿಸುತ್ತಿದ್ದರು. ಚರ್ಚಿನ ಪಾಸ್ಟರ್ ವಿನಯಾನಂದ ಸಾಲಿನ್ಸರನ್ನು ಕೇಳಿದರೆ, ಅವರು ಕೈಮುಗಿದು, ಈ ಪ್ರಾಯದಲ್ಲಿ ಅಷ್ಟು ದೂರದಿಂದ ಬಂದದ್ದೇ ದೊಡ್ಡದು, ನೀವು ಕಣ್ಣೆದುರು ಇದ್ದರೆ ಸಾಕು ಎಂದುಬಿಟ್ಟರು. ಹೀಗೆ ಬರೀ ಕಣ್ಣೆದುರು ಇರುವುದೆಂಬ ಕೆಲಸಕ್ಕೆ ಎಷ್ಟು ಚಹಾ ಕುಡಿಯಬೇಕಾಗುತ್ತದೆ ಎಂಬುದು ಇಂಗ್ರಿಡ್‌ಗೆ ಬೇಗ ಗೊತ್ತಾಯಿತು.

ಭಾಷೆಯದ್ದು ಇನ್ನೊಂದು ಪೇಚು. ಬರುವ ಮುಂಚೆ ಅವಳು ಹಳೆಯದೊಂದು ವ್ಯಾಕರಣ ಪುಸ್ತಕ ಹಿಡಿದು ಒಂದು ವರ್ಷ ಕನ್ನಡ ಕಲಿತಿದ್ದಳು. ಬಂದು ನೋಡಿದರೆ ಪೇಟೆಯಲ್ಲಿ ತುಳು, ಬಾಡಿಗೆ ಮನೆಯ ಅಂಗಳದಲ್ಲಿ ಕರಾವಳಿಯ ಮುಸ್ಲಿಮರ ಮಾತಾದ ಬ್ಯಾರಿ. ಕನ್ನಡ ಇದ್ದದ್ದು ಶಾಲೆಯಲ್ಲಿ ಮತ್ತು ಕಚೇರಿಯಲ್ಲಿ. ಅವಳು ಮೀನು ಮಾರುವವಳ ಹತ್ತಿರ ಹೋಗಿ, "ತಾವು ಈ ಮತ್ಸ್ಯವನ್ನು ಎಷ್ಟಕ್ಕೆ ಕೊಡುವಿರಿ?" ಎಂದು ಕೇಳಿದಾಗ ಮೀನಿನವಳು ಬುಟ್ಟಿ ಕೆಳಗಿಟ್ಟು ಎದ್ದು ನಿಂತಳು. ಸರಕಾರದಿಂದ ಯಾರೋ ತನಿಖೆಗೆ ಬಂದಿದ್ದಾರೆಂದು ಭಾವಿಸಿದಳಂತೆ.

ಓಲಾವ್‌ನ ಕಷ್ಟ ಅವನ ಹೆಸರಿನಲ್ಲೇ ಇತ್ತು. ತುಳುವಿನಲ್ಲಿ 'ಓಲು' ಎಂದರೆ 'ಎಲ್ಲಿ'. ಅವನು ಎದೆ ಮುಟ್ಟಿಕೊಂಡು "ಓಲಾವ್" ಎಂದಾಗಲೆಲ್ಲ ಜನ, ಪಾಪ ಮುದುಕನಿಗೆ ದಾರಿ ತಪ್ಪಿದೆ ಎಂದು ಕೈಹಿಡಿದು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗುತ್ತಿದ್ದರು. ಕೊನೆಗೆ ಊರು ಅವನನ್ನು ಪಾದ್ರಿ ಎಂದೇ ಕರೆಯತೊಡಗಿತು. ತಾನು ಪಾದ್ರಿಯಲ್ಲ, ಮೆಕ್ಯಾನಿಕ್ ಎಂದು ಅವನು ಸಿಕ್ಕಿದವರಿಗೆಲ್ಲ ತಿದ್ದಿದ. ಎಷ್ಟು ವಿನಯದ ಪಾದ್ರಿ ಎಂದು ಜನ ಇನ್ನಷ್ಟು ಮೆಚ್ಚಿಕೊಂಡರು.

ಅವರು ಇದ್ದದ್ದು ಬೀಯಮ್ಮನ ಮನೆಯ ಮಹಡಿಯಲ್ಲಿ. ಬೀಯಮ್ಮನಿಗೆ ಎಪ್ಪತ್ತರ ಹತ್ತಿರ. ಬಟ್ಟೆ ಅಂಗಡಿ ನಡೆಸುತ್ತಿದ್ದ ಗಂಡ ತೀರಿಕೊಂಡಿದ್ದ. ಅಂಗಡಿಯನ್ನು ಈಗ ಮಗ ಅಬ್ದುಲ್ ನಾಸಿರ್ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಸೊಸೆ ನಸೀಬಾ. ಮೊದಲ ಸಲ ಕೆಳಗೆ ಹೋದಾಗ ಇಂಗ್ರಿಡ್ ಧೈರ್ಯ ಮಾಡಿ ಯೇಸುವಿನ ತಾಯಿಯ ಕಥೆ ಎತ್ತಿದಳು. ಬೀಯಮ್ಮ ಮರಿಯಂ ಬೀವಿಯ ಕಥೆ ತನಗೂ ಗೊತ್ತುಂಟೆಂದು ಹೇಳಿ, ಅಲ್ಲಿಂದ ಮಸೀದಿಯಲ್ಲಿ ಸಂಜೆಯ ಬಾಂಗು ಕೂಗುವವರೆಗೆ ತಾನೇ ಹೇಳಿದಳು, ಪೂರ್ತಿ ಬ್ಯಾರಿಯಲ್ಲಿ. ಇಂಗ್ರಿಡ್‌ಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದಳು, ನಗು ಬಂದ ಕಡೆ ನಕ್ಕಳು, ಕಣ್ಣು ತುಂಬಿದ ಕಡೆ ಕೈ ಹಿಡಿದಳು.

ಮರುದಿನ ಮಧ್ಯಾಹ್ನ ಬೀಯಮ್ಮ ತಾನಾಗಿಯೇ ಮಹಡಿ ಹತ್ತಿ ಬಂದಳು. ಮತ್ತೊಂದು ದಿನ ನಸೀಬಾ ಬಂದಳು. ಆಮೇಲೆ ಪಕ್ಕದ ಮನೆಯ ಅಂಗನವಾಡಿ ಟೀಚರು ವಾರಿಜಾಕ್ಷಿ ತುಳುವಿನಲ್ಲಿ ಅತ್ತು ಹೋದಳು. ಸುದ್ದಿ ಹಬ್ಬಿತು: ಪಾದ್ರಿಯ ಹೆಂಡತಿ ಎಷ್ಟು ಹೊತ್ತು ಬೇಕಾದರೂ ಕೇಳುತ್ತಾಳೆ, ಒಂದು ಮಾತೂ ಅರ್ಥವಾಗುವುದಿಲ್ಲ, ಹಾಗಾಗಿ ಒಂದು ಮಾತೂ ಹೊರಗೆ ಹೋಗುವುದಿಲ್ಲ. ಗೋಡೆಗಾದರೂ ಕಿವಿ ಉಂಟು, ಇಂಗ್ರಿಡಮ್ಮನಿಗೆ ಅದೂ ಇಲ್ಲ. ಕೊನೆಗೂ ಒಂದು ಕೆಲಸ ಸಿಕ್ಕಿತಲ್ಲ ಎಂದು ಇಂಗ್ರಿಡ್‌ಗೆ ಸಮಾಧಾನವಾಯಿತು.

ತೊಂದರೆ ಏನಾಯಿತೆಂದರೆ, ಕೇಳಿ ಕೇಳಿ ಅವಳಿಗೆ ಅರ್ಥವಾಗತೊಡಗಿತು. ಯಾರೂ ಕಲಿಸಲಿಲ್ಲ. ಅಕ್ಕಿಯಲ್ಲಿ ಕಲ್ಲು ಕಣ್ಣಿಗೆ ಬೀಳುವ ಹಾಗೆ ಮೊದಲು ಒಂದೊಂದೇ ಶಬ್ದ ಬಿದ್ದವು, ಆಮೇಲೆ ಇಡೀ ಮಾತು. ಒಂದು ಮಧ್ಯಾಹ್ನ ಬೀಯಮ್ಮ ಬೀಗರ ಮನೆಯ ಬಿರಿಯಾನಿಯನ್ನು ಬಯ್ಯುತ್ತಿದ್ದಾಗ ಇಂಗ್ರಿಡ್ ನಿಜವಾಗಿಯೂ ನಕ್ಕಳು. ನಕ್ಕ ಮೇಲೆ ಹೆದರಿದಳು. ಈಗ ತನಗೆ ತಿಳಿಯುತ್ತದೆ ಎಂದು ಹೇಳಿದರೆ ನಾಳೆಯಿಂದ ಮೆಟ್ಟಿಲು ಹತ್ತುವವರು ಯಾರು? ಇರುವ ಒಂದು ಕೆಲಸವೂ ಹೋಗುತ್ತದೆ. ಅವಳು ಸುಮ್ಮನಾದಳು. ದೇವರ ಹತ್ತಿರ ಮಾತ್ರ ಪ್ರತಿ ರಾತ್ರಿ, ನಾನು ಸುಳ್ಳು ಹೇಳುತ್ತಿಲ್ಲ, ಬರೀ ಹೇಳದೆ ಇದ್ದೇನೆ ಎಂದು ವಾದ ಮಾಡುತ್ತಿದ್ದಳು. ಓಲಾವ್ ಆ ವಾದ ಕೇಳಿಸಿಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದ.

ಅರ್ಥವಾದ ಮೇಲೆ ಅತ್ತೆ ಸೊಸೆಯ ಜಗಳ ಅವಳಿಗೆ ಎರಡೂ ಕಡೆಯಿಂದ ಕಾಣತೊಡಗಿತು. ನಸೀಬಾ ಬಂದು ಅಳುತ್ತಿದ್ದಳು: ಮಾಮಿ ತನ್ನ ಮುಖ ಕೂಡ ನೋಡುವುದಿಲ್ಲ, ತಾನು ನಕ್ಕರೆ ಕಲ್ಲಿನ ಹಾಗೆ ಕೂರುತ್ತಾರೆ, ಮೊನ್ನೆ ಎದುರು ನಿಂತಿದ್ದರೂ 'ಯಾರದು?' ಎಂದು ಕೇಳಿ ನೆಂಟರ ಎದುರು ಮರ್ಯಾದೆ ತೆಗೆದರು. ಅವಳು ಇಳಿದು ಹೋದ ಮೇಲೆ ಬೀಯಮ್ಮ ಗೋಡೆ ಹಿಡಿದು ಹತ್ತಿ ಬರುತ್ತಿದ್ದಳು. ಅವಳ ಮಾತು ಬೇರೆ. ಒಂದು ಕಣ್ಣಿನಲ್ಲಿ ಹೊಗೆ ತುಂಬಿದೆ, ಇನ್ನೊಂದರಲ್ಲಿ ಮಂಜು. ಸೊಸೆ ಬಂದರೂ ಬಾಗಿಲು ಬಂದರೂ ಒಂದೇ ಥರ ಕಾಣುತ್ತದೆ. ಮಗನಿಗೆ ಗೊತ್ತಾದರೆ ಆಸ್ಪತ್ರೆಗೆ ಎಳೆದುಕೊಂಡು ಹೋಗಿ ಕಣ್ಣು ಕೊಯ್ಯಿಸುತ್ತಾನೆ. ಕೊಯ್ಯಿಸಿಕೊಳ್ಳುವುದಕ್ಕಿಂತ ಉಪ್ಪು ಸಕ್ಕರೆ ತಪ್ಪಿ ಹಾಕಿ ಸೊಸೆಯನ್ನು ಬಯ್ಯುವುದೇ ಸುಲಭ.

ಜೂನ್ ತಿಂಗಳಲ್ಲೊಂದು ದಿನ ಓಲಾವ್ ತನ್ನ ಉದ್ದದ ಮಳೆಕೋಟನ್ನೂ ಟೋಪಿಯನ್ನೂ ಜಗಲಿಯ ಮೊಳೆಗೆ ತೂಗುಹಾಕಿದ್ದ. ಬೀಯಮ್ಮ ಬಂದವಳೇ ತಲೆಯ ಮೇಲೆ ಬಟ್ಟೆ ಸರಿಯಾಗಿ ಎಳೆದುಕೊಂಡು, ಬದಿಗೆ ನಿಂತು, ಕೋಟಿನ ಹತ್ತಿರ ಗೌರವದಿಂದ ಕ್ಷೇಮ ವಿಚಾರಿಸಿದಳು. ಮಂಡಿ ನೋವು ಹೇಗುಂಟು ಎಂದು ಕೇಳಿದಳು. ಉತ್ತರ ಬರಲಿಲ್ಲ. ಒಳಗೆ ಬಂದು, ಪಾದ್ರಿಗೆ ಇತ್ತೀಚೆಗೆ ಗರ್ವ ಬಂದಿದೆ ಎಂದು ಇಂಗ್ರಿಡ್‌ಗೆ ದೂರು ಹೇಳಿದಳು. ಆಗ ಓಲಾವ್ ಹಿತ್ತಿಲಿನಲ್ಲಿ ಬಾಳೆಗೊನೆ ಕಡಿಯಲು ಬಿಡಿ ಎಂದು ಯಾರನ್ನೋ ಬೇಡಿಕೊಳ್ಳುತ್ತಿದ್ದ.

ಇನ್ನು ಸುಮ್ಮನಿರಬಾರದು ಎಂದು ಇಂಗ್ರಿಡ್‌ಗೆ ಅನ್ನಿಸಿದ್ದು ಅಂದೇ. ಆ ವಾರ ಬೆಳ್ತಂಗಡಿಯ ಶಾಲೆಯೊಂದರಲ್ಲಿ ಕಣ್ಣಿನ ಕ್ಯಾಂಪ್ ಇತ್ತು. ಬೀಯಮ್ಮನ ಗುಟ್ಟು ಬಿಟ್ಟುಕೊಡದೆ ಅವಳನ್ನು ಅಲ್ಲಿಗೆ ಒಯ್ಯುವುದು ಹೇಗೆ? ರಾತ್ರಿ ಊಟದ ಹೊತ್ತಿಗೆ ಅವಳು ಗಂಡನಿಗೆ ತನ್ನ ಉಪಾಯ ಹೇಳಿದಳು: ಕಣ್ಣು ತೋರಿಸಬೇಕಾದದ್ದು ಓಲಾವ್‌ಗೆ, ಅವನಿಗೆ ವಿಪರೀತ ಹೆದರಿಕೆ, ಧೈರ್ಯ ಹೇಳಲು ಹಿರಿಯರೊಬ್ಬರು ಜೊತೆಗೆ ಬರಬೇಕು. ಓಲಾವ್ ಚಮಚ ಕೆಳಗಿಟ್ಟ. ತನ್ನ ಕಣ್ಣು ಹದ್ದಿನ ಕಣ್ಣು, ತಾನು ಸುಳ್ಳು ಹೇಳುವವನಲ್ಲ ಎಂದ. ಬಹಳ ಚರ್ಚೆಯಾಗಿ ಕೊನೆಗೆ ಒಂದು ಒಪ್ಪಂದವಾಯಿತು. ಈ ಪ್ರಾಯದಲ್ಲಿ ಕಣ್ಣು ತೋರಿಸುವುದು ಒಳ್ಳೆಯದೆಂದು ಅವನು ಹೇಳಬಹುದು, ಅದು ನಿಜ. ಹೆದರಿಕೆಯ ಮಾತನ್ನು ಇಂಗ್ರಿಡ್ ಹೇಳಬೇಕು, ಅವನು ನೆಲ ನೋಡುತ್ತಾ ನಿಲ್ಲಬೇಕು.

ಇಂಗ್ರಿಡ್‌ನ ಪುಸ್ತಕದ ಕನ್ನಡದಲ್ಲಿ ಇದನ್ನು ಕೇಳಿ ಬೀಯಮ್ಮನಿಗೆ ಉತ್ಸಾಹ ಬಂತು. ಇಷ್ಟು ಉದ್ದದ ಗಂಡಸು, ಹಡಗು ಕಂಡವನು, ಒಂದು ಟಾರ್ಚಿಗೆ ಹೆದರುತ್ತಾನೆಂದರೆ! ಅವಳೇ ಮಗನನ್ನು ಕರೆದು ಜೀಪು ಹೇಳಿಸಿದಳು. ವೇಣೂರು ದಾಟುವವರೆಗೂ ಹಿಂದಿನ ಸೀಟಿನಿಂದ ಓಲಾವ್‌ಗೆ ಧೈರ್ಯ ಹೇಳಿದಳು.

"ಎಂತ ಹೆದರಿಕೆ ಪಾದ್ರಿಯವರೇ? ಇರುವೆ ಕಚ್ಚಿದ ಹಾಗೆ, ಅಷ್ಟೇ. ನಾನು ಇದ್ದೇನಲ್ಲ."

ಓಲಾವ್ ನೆಲ ನೋಡಿದ. ಜೊತೆಗೆ ಹೊರಟಿದ್ದ ನಸೀಬಾ ಅತ್ತೆಯ ಪಕ್ಕದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು.

ಕ್ಯಾಂಪಿನಲ್ಲಿ ಡಾಕ್ಟರು ಓಲಾವ್‌ನ ಕಣ್ಣಿಗೆ ಬೆಳಕು ಹಾಕಿ ನೋಡಿದರು, ಮತ್ತೆ ನೋಡಿದರು. ಬಲಗಣ್ಣಿನ ಪೊರೆ ಚೆನ್ನಾಗಿ ಬಲಿತಿದೆ, ನಾಳೆಯೇ ತೆಗೆದುಬಿಡುವ ಎಂದರು. ಓಲಾವ್ ಹೆಂಡತಿಯ ಕಡೆ ನೋಡಿದ ನೋಟ ಮದುವೆಯಾಗಿ ನಲವತ್ತು ವರ್ಷದಲ್ಲಿ ಅವಳು ಕಂಡದ್ದಲ್ಲ. ಅವನ ಮುಖ ಸುಣ್ಣವಾಯಿತು. ಈಗ ನಟಿಸಬೇಕಾದ ಅಗತ್ಯವೇ ಇರಲಿಲ್ಲ. ಅವನು ಬೀಯಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಜೊತೆಗಿದ್ದ ಅಜ್ಜಿಯದನ್ನೂ ನೋಡಿಬಿಡುವ ಎಂದು ನರ್ಸ್ ಬೀಯಮ್ಮನ ಕಡೆ ಬಂದಳು. ಓಲಾವ್ ಕೈ ಬಿಡದ ಕಾರಣ ಬೀಯಮ್ಮನಿಗೆ ಓಡುವ ದಾರಿ ಇರಲಿಲ್ಲ. ಎರಡೂ ಕಣ್ಣಿಗೆ ಆಪರೇಶನ್ ಆಗಬೇಕು, ಇಷ್ಟು ದಿನ ಹೇಗೆ ನಡೆದಾಡಿದಿರಿ ಎಂದು ಡಾಕ್ಟರು ಕೇಳಿದರು. ನಸೀಬಾ ಅತ್ತೆಯ ಮುಖವನ್ನೇ ನೋಡಿದಳು. ನಿಧಾನಕ್ಕೆ ಅವಳ ಬಾಯಿ ತೆರೆದುಕೊಂಡಿತು. ಬೀಯಮ್ಮ ಮಾತ್ರ ಯಾರನ್ನೂ ನೋಡದೆ ಬ್ಯಾರಿಯಲ್ಲಿ ತನ್ನಷ್ಟಕ್ಕೆ ಗೊಣಗಿಕೊಂಡಳು: ಮೂತ್ರಕ್ಕೆ ಹೋಗುತ್ತೇನೆಂದು ಹೇಳಿ ಹಿಂದಿನ ಬಾಗಿಲಿನಿಂದ ಬಸ್‌ಸ್ಟ್ಯಾಂಡಿಗೆ ನಡೆದುಬಿಡುತ್ತೇನೆ.

"ಬಾಗಿಲು ಯಾವುದು, ಬೇಲಿ ಯಾವುದು ಅಂತ ಕಾಣದವಳು ಬಸ್ಸು ಹತ್ತುತ್ತಾಳಂತೆ. ತಲೆ ಸರಿ ಉಂಟಾ ನಿನಗೆ? ಸುಮ್ಮನೆ ಕೂತ್ಕೋ."

ಹೇಳಿದ್ದು ಇಂಗ್ರಿಡ್. ಹೇಳಿದ್ದು ಬ್ಯಾರಿಯಲ್ಲಿ. ಬಾಯಿಂದ ಬಿದ್ದ ಮೇಲೆಯೇ ಅವಳಿಗೂ ಗೊತ್ತಾದದ್ದು. ಅವಳು ಆ ಭಾಷೆ ಹೆಚ್ಚಾಗಿ ಕಲಿತದ್ದು ಬೀಯಮ್ಮನ ಬಾಯಿಂದಲೇ. ಹಾಗಾಗಿ ದನಿಯ ಏರಿಳಿತವೂ ಬಯ್ಯುವ ಧಾಟಿಯೂ ಬೀಯಮ್ಮನದ್ದೇ ಆಗಿತ್ತು. ಬೀಯಮ್ಮನನ್ನು ಬೀಯಮ್ಮನೇ ಬಯ್ದ ಹಾಗಾಯಿತು. ಬೆಂಚಿನಲ್ಲಿ ಕೂತಿದ್ದ ನಾಲ್ಕಾರು ಮುದುಕಿಯರು ಇತ್ತ ತಿರುಗಿದರು. ಬೀಯಮ್ಮ ಹೇಳಿದ ಹಾಗೆ ಕೂತಳು. ಇಂಗ್ರಿಡ್‌ಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಇಬ್ಬರಿಗೂ ಆಪರೇಶನ್ ಆಯಿತು, ಓಲಾವ್‌ನ ಬಲಗಣ್ಣು, ಬೀಯಮ್ಮನದ್ದು ಸದ್ಯಕ್ಕೆ ಎಡಗಣ್ಣು. ಮೂಡಬಿದ್ರೆಗೆ ವಾಪಸು ಬರುವ ದಾರಿಯಲ್ಲಿ ಬೀಯಮ್ಮ ಮುಖ ಹೊರಗೆ ತಿರುಗಿಸಿಯೇ ಕೂತಳು. ಮನೆಗೆ ಬಂದ ಮೇಲೂ ಇಂಗ್ರಿಡ್ ಕೆಳಗಿಳಿದಾಗ ಗೋಡೆ ಕಡೆ ತಿರುಗಿ ಮಲಗಿದಳು. ಸುದ್ದಿ ಅಷ್ಟರಲ್ಲಿ ಬೇಲಿ ದಾಟಿತ್ತು. ವಾರಿಜಾಕ್ಷಿ ಮೆಟ್ಟಿಲ ಬುಡದಲ್ಲೇ ನಿಂತು, ತುಳು ಕೂಡ ಬರ್ತದಾ ಎಂದು ಕನ್ನಡದಲ್ಲಿ ಕೇಳಿದಳು. ಸ್ವಲ್ಪ ಎಂದಳು ಇಂಗ್ರಿಡ್. ವಾರಿಜಾಕ್ಷಿ ಇಡೀ ಬೇಸಿಗೆ ತನ್ನ ನಾದಿನಿಯರ ಬಗ್ಗೆ ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿದಳೋ ಏನೋ, ಚಪ್ಪಲಿ ಮರೆತು ಮನೆಗೆ ನಡೆದಳು. ಆಮೇಲೆ ಮಹಡಿಗೆ ಯಾರೂ ಬರಲಿಲ್ಲ. ಇಂಗ್ರಿಡ್ ಕಿಟಕಿಯಲ್ಲಿ ಕೂತು ಸುಮ್ಮನೆ ರಸ್ತೆ ನೋಡಿದಳು. ಇದಕ್ಕಿಂತ ಕಣ್ಣಿನ ವಿಷಯ ಸೀದಾ ನಾಸಿರನಿಗೇ ಹೇಳಿಬಿಡಬಹುದಿತ್ತಲ್ಲ ಎಂದು ಓಲಾವ್ ಹೇಳಿದ.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಬೀಯಮ್ಮ ಮೊದಲು ನೋಡಿದ್ದು ನಸೀಬಾಳನ್ನು. ಬಹಳ ಹೊತ್ತು ನೋಡಿದಳಂತೆ. ಆಮೇಲೆ, ನೀನು ಇಷ್ಟು ಸೊರಗಿದ್ದು ಯಾವಾಗ ಎಂದು ಕೇಳಿದಳಂತೆ. ನಸೀಬಾ ಇದನ್ನು ಹೇಳಲು ಮಹಡಿಗೆ ಓಡಿ ಬಂದು, ಇಂಗ್ರಿಡ್‌ಗೆ ಈಗ ಅರ್ಥವಾಗುತ್ತದೆ ಎಂಬುದು ಅರ್ಧದಲ್ಲಿ ನೆನಪಾಗಿ, ನಾಚಿ, ಆದರೂ ಪೂರ್ತಿ ಹೇಳಿದಳು. ಅವಳ ಹಿಂದೆಯೇ ಬೀಯಮ್ಮ ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿ ಬಂದಳು. ಬಂದವಳು ಇಂಗ್ರಿಡ್‌ನ ಮುಖವನ್ನು ಕಣ್ಣು ಕಿರಿದು ಮಾಡಿ ಪರೀಕ್ಷಿಸಿದಳು. ನಾನು ಎಣಿಸಿದ್ದಕ್ಕಿಂತ ನಿಮಗೆ ಪ್ರಾಯ ಹೆಚ್ಚು ಎಂದಳು. ಆಮೇಲೆ ಕುರ್ಚಿ ಎಳೆದು ಕೂತಳು.

"ನಾನು ಹೇಳಿದ್ದೆಲ್ಲ ಕೇಳ್ತಿತ್ತು ನಿಮಗೆ?"

ಇಂಗ್ರಿಡ್ ಹೌದೆಂದಳು. ಕ್ಷಮೆ ಕೇಳಲು ಬ್ಯಾರಿಯಲ್ಲಿ ಶಬ್ದ ಹುಡುಕಿದಳು. ಬೀಯಮ್ಮ ಯಾರ ಹತ್ತಿರವೂ ಕ್ಷಮೆ ಕೇಳಿದ್ದನ್ನು ಅವಳು ಕೇಳಿರಲಿಲ್ಲ, ಹಾಗಾಗಿ ಆ ಶಬ್ದ ಅವಳಿಗೆ ಗೊತ್ತಿರಲಿಲ್ಲ. ಕೊನೆಗೆ ಕನ್ನಡದಲ್ಲಿ, "ನನ್ನ ಅಪರಾಧವನ್ನು ಮನ್ನಿಸಬೇಕು" ಎಂದಳು.

"ಮನ್ನಿಸುವುದು ಎಂತ? ಅರ್ಥ ಆಗ್ತಿದ್ದರೆ ಬಾಯಿ ಬಿಟ್ಟು ಒಂದು ಮಾತು ಹೇಳಬೇಕಲ್ಲ, ಮಾರಾಯ್ತಿ. ಇಷ್ಟು ದಿನ ಕಷ್ಟ ಹೇಳಿದ್ದೂ ನಾನೇ, ಸಮಾಧಾನ ಮಾಡಿಕೊಂಡದ್ದೂ ನಾನೇ. ನೀವು ಚಹಾ ಕುಡಿದದ್ದು ಮಾತ್ರ."

ಬೀಯಮ್ಮನ ಸಿಟ್ಟು ಕೇಳಿಸಿಕೊಂಡದ್ದಕ್ಕಲ್ಲ, ಉತ್ತರ ಕೊಡದ್ದಕ್ಕೆ ಎಂಬುದು ಇಂಗ್ರಿಡ್‌ಗೆ ಆಗ ಹೊಳೆಯಿತು. ಬೀಯಮ್ಮ ಕಾಲು ಮಡಚಿ ಕೂತು, ಆ ಬೀಗರ ಮನೆಯ ಬಿರಿಯಾನಿಯಿಂದಲೇ ಎಲ್ಲವನ್ನೂ ಮೊದಲಿನಿಂದ ಶುರುಮಾಡಿದಳು. ಈ ಸಲ ಒಂದೊಂದು ಸಂಗತಿ ಮುಗಿದಾಗಲೂ ನಿಲ್ಲಿಸಿ, ಈಗ ಹೇಳಿ, ತಪ್ಪು ಯಾರದ್ದು ಎಂದು ಕೇಳತೊಡಗಿದಳು. ನಸೀಬಾ ಹೋಗದೆ ಬಾಗಿಲಿಗೆ ಒರಗಿ ನಿಂತಳು. ಉಪ್ಪಿನ ಜಗಳದ ಸರದಿ ಬಂದಾಗ ಇಬ್ಬರೂ ಇಂಗ್ರಿಡ್‌ನ ಬಾಯಿಯನ್ನೇ ನೋಡಿದರು. ಅವಳು ಯೋಚಿಸಿದಳು. ಇಬ್ಬರದ್ದೂ ತಪ್ಪು ಎಂದಳು.

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ನಮ್ಮ ಮನೆಯ ಅಡುಗೆಮನೆಯ ವಿಷಯ ಇವರಿಗೆ ಎಂತ ಗೊತ್ತು ಎಂದು ನಸೀಬಾ ಕೇಳಿದಳು. ಅದೇ ಅಲ್ಲವಾ ಎಂದಳು ಬೀಯಮ್ಮ. ಇಬ್ಬರೂ ಸೇರಿಕೊಂಡು ಇಂಗ್ರಿಡ್‌ಗೆ ಮೀನು ಸಾರಿಗೆ ಉಪ್ಪು ಹಾಕುವ ಕ್ರಮವನ್ನು ವಿವರಿಸತೊಡಗಿದರು. ನಡುವೆ ಬಾಯಿ ಹಾಕಿದ್ದಕ್ಕೆ ಇಂಗ್ರಿಡ್ ಇಬ್ಬರಿಂದಲೂ ಬೈಗುಳ ತಿಂದಳು. ಒಳಗೆ ಕಪ್ಪುಕನ್ನಡಕ ಹಾಕಿಕೊಂಡು ಮಲಗಿದ್ದ ಓಲಾವ್, ಮೊನ್ನೆಯಿಂದ ಯಾರೂ ತನಗೆ ಧೈರ್ಯ ಹೇಳಲು ಬಂದಿಲ್ಲವಲ್ಲ ಎಂದು ಗಟ್ಟಿಯಾಗಿ ಕೇಳಿದ. ಬಾಯಿ ಮುಚ್ಚಿಕೊಂಡು ಮಲಗು ಎಂದು ಇಂಗ್ರಿಡ್ ಶುದ್ಧ ಬ್ಯಾರಿಯಲ್ಲಿ ಅವನಿಗೆ ಹೇಳಿ, ಮತ್ತೆ ಉಪ್ಪಿನ ಕಡೆಗೆ ತಿರುಗಿದಳು.