ನಲವತ್ತೆರಡನೇ ಕ್ಯೂ

ನಮ್ಮ ರಂಗಮಂದಿರದಲ್ಲಿ ಗುಂಡಿ ಒತ್ತುವವಳು ನಾನು. ದೀಪ, ಸದ್ದು, ಪರದೆಯ ಮೇಲಿನ ಚಿತ್ರ, ಎಲ್ಲಕ್ಕೂ ಒಂದೊಂದು ಕ್ಯೂ ಇರುತ್ತದೆ. ನಟರ ಬಾಯಿಂದ ಇಂಥ ಮಾತು ಬಂದ ಕೂಡಲೇ ಇಂಥ ಗುಂಡಿ ಎಂದು ನನ್ನ ದಪ್ಪ ಪುಸ್ತಕದಲ್ಲಿ ಬರೆದಿರುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಒಂದೂ ಕ್ಯೂ ತಪ್ಪಿಸಿದವಳಲ್ಲ. ಮೈ ಸುಡುವ ಜ್ವರದಲ್ಲೂ ಇಲ್ಲ, ಗಂಡ ಬಿಟ್ಟು ಹೋದ ದಿನವೂ ಇಲ್ಲ. ಹೌದು, ಜಂಬಕ್ಕೇ ಹೇಳುತ್ತಿದ್ದೇನೆ.

ಈ ಸಲ ಕೈಗೆತ್ತಿಕೊಂಡದ್ದು ಗ್ರೀಕರ ಒಂದು ಪುರಾತನ ದುರಂತ ನಾಟಕ. ಊರು ಸೋತಿದೆ; ಗೆದ್ದವರು ಸೋತವರ ಮಗುವನ್ನು ಕೋಟೆಯ ಮೇಲಿಂದ ಎಸೆಯುತ್ತಾರೆ. ನಿರ್ದೇಶಕರು ಅದನ್ನು ಈ ಕಾಲಕ್ಕೆ ತಂದಿದ್ದರು. ಕೋಟೆ ಹೋಗಿ ಆರು ಮಹಡಿಯ ಕಟ್ಟಡ ಬಂತು, ರಾಣಿ ಹೋಗಿ ನಿರಾಶ್ರಿತರ ಶಿಬಿರದಲ್ಲಿ ನೀರಿಗೆ ಸಾಲು ನಿಂತ ತಾಯಿ ಬಂದಳು. ಅಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ, ಚೆನ್ನಾಗಿಯೇ ಇತ್ತು. ಆ ಕಾಲದ ನಾಟಕಗಳಲ್ಲಿ ಸಾವು ಸಾಮಾನ್ಯವಾಗಿ ಮರೆಯಲ್ಲೇ ನಡೆಯುತ್ತಿತ್ತು, ಕಂಡವನೊಬ್ಬ ಬಂದು ಹೇಳುತ್ತಿದ್ದ. ನಮ್ಮಲ್ಲಿ ಹಾಗೆ ಬಂದು ಹೇಳುವವಳು ಕಟ್ಟಡದ ಮೆಟ್ಟಿಲು ಗುಡಿಸುವ ಮುದುಕಿ. ಆ ಪಾತ್ರ ನನ್ನ ಚಿಕ್ಕಮ್ಮನದು.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬಣ್ಣದ ಕೋಣೆಯಲ್ಲೇ ಸಾಕಿದವಳು ಚಿಕ್ಕಮ್ಮ. ಈಗ ಎಪ್ಪತ್ತೊಂದು. ಜೀವಮಾನವಿಡೀ ಅತ್ತೆ, ಅಜ್ಜಿ, ಕೆಲಸದವಳು. ಬಾಗಿಲು ತೆಗೆದು "ಯಾರೋ ಬಂದಿದಾರೆ" ಅನ್ನುವುದಕ್ಕೇ ಸವೆದವಳು. ಮೊದಲ ಸಲ ನಾಲ್ಕು ಪುಟದ ಮಾತು ಸಿಕ್ಕಿತ್ತು. ನಮ್ಮ ಮನೆಯ ಮೆಟ್ಟಿಲಲ್ಲಿ, ಮೆಟ್ಟಿಲಿಗೊಂದು ಸಾಲಿನಂತೆ, ಮಂಡಿನೋವು ನುಂಗಿಕೊಂಡು ಬಾಯಿಪಾಠ ಮಾಡಿದ್ದಳು.

ಪ್ರದರ್ಶನಕ್ಕೆ ಒಂದು ವಾರ ಇರುವಾಗ ನಿರ್ದೇಶಕರು ಆ ನಾಲ್ಕೂ ಪುಟಕ್ಕೆ ಅಡ್ಡಗೀಟು ಹಾಕಿದರು. ನಾವು ಅವರನ್ನು ಬೆನ್ನ ಹಿಂದೆ ಪರದೆಯಪ್ಪ ಅನ್ನುತ್ತಿದ್ದೆವು. ಎಲ್ಲವೂ ಪರದೆಯ ಮೇಲೆ ಬರಬೇಕು ಅವರಿಗೆ.

"ಮುದುಕಿ ಹತ್ತು ನಿಮಿಷ ಮಾತಾಡ್ತಾ ನಿಂತ್ರೆ ಯಾರು ಕೇಳ್ತಾರೆ? ತೋರಿಸಿಬಿಡೋಣ. ಗೊಂಬೆ ಬೀಳೋದನ್ನ ಚಿತ್ರೀಕರಿಸಿದೀನಿ. ನೀವು 'ಮಗು ಹೋಯ್ತು ತಾಯಿ, ನೋಡು' ಅನ್ನಿ ಸಾಕು."

'ನೋಡು' ಅಂದ ಕೂಡಲೇ ಪರದೆ. ಅದೇ ನಲವತ್ತೆರಡನೇ ಕ್ಯೂ.

"ಹೆತ್ತವಳ ಮುಂದೆ ನಿಂತು ನೋಡು ಅಂತ ಕೈ ತೋರಿಸ್ಲಾ?" ಅಂದಳು ಚಿಕ್ಕಮ್ಮ. "ಅವಳಿಗೆ ಹೇಳ್ಬೇಕಪ್ಪಾ. ಪಕ್ಕದಲ್ಲಿ ಕೂತು ಹೇಳ್ಬೇಕು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅವರು ನಕ್ಕರು. "ಮಾತು ಮರೆತುಹೋಗತ್ತೆ ಅಂತ ಭಯಾನಾ ಅಮ್ಮ? ಅದಕ್ಕೇ ಕಡಿಮೆ ಮಾಡಿದ್ದು."

ಎಲ್ಲರ ಎದುರು ಅಂದರು. ಚಿಕ್ಕಮ್ಮ ಆ ನಾಲ್ಕು ಪುಟ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನದ ತಾಲೀಮಿನಲ್ಲಿ ಪರದೆಯಪ್ಪ ಆತುರಪಟ್ಟು ತಾವೇ "ಒತ್ತು" ಎಂದು ಕೂಗಿದರು, ನಾನು ಒತ್ತಿದೆ. ಮಗು ಇನ್ನೂ ತಾಯಿಯ ಕಂಕುಳಲ್ಲಿರುವಾಗಲೇ ಪರದೆಯ ಮೇಲೆ ಬಿದ್ದು ಸತ್ತಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರು ಕೆಂಡವಾಗಿ, ನನ್ನ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದರು: 'ಮಾತು ಬರುವವರೆಗೆ ಒತ್ತಕೂಡದು. ನಾನು ಹೇಳಿದರೂ ಕೂಡದು.' ಕೆಳಗೆ ಉದ್ದದ ಸಹಿ.

ಮೊದಲ ಪ್ರದರ್ಶನಕ್ಕೆ ಕುರ್ಚಿಗಳೆಲ್ಲ ತುಂಬಿದ್ದವು. ಚಿಕ್ಕಮ್ಮ ಪೊರಕೆ ಹಿಡಿದು ಬಂದಳು.

"ಮಗು ಹೋಯ್ತು ತಾಯಿ."

ನನ್ನ ಬೆರಳು ಗುಂಡಿಯ ಮೇಲಿತ್ತು. ಚಿಕ್ಕಮ್ಮ ಪೊರಕೆ ಕೆಳಗಿಟ್ಟು, ಮಂಡಿ ಹಿಡಿದುಕೊಂಡು, ತಾಯಿಯ ಪಕ್ಕದಲ್ಲಿ ಕೂತಳು.

"ನಾನು ಮೂರನೇ ಮಹಡಿ ಗುಡಿಸ್ತಿದ್ದೆ."

ಅಳಿಸಿದ ನಾಲ್ಕು ಪುಟದ ಮೊದಲ ಸಾಲು ಅದು. ಕಿವಿಯ ಹೆಡ್‌ಫೋನಿನಲ್ಲಿ ಪರದೆಯಪ್ಪ ಕಿರುಚಿದರು. "ಏನಿದು? ಒತ್ತು!"

"ಮಾತು ಬಂದಿಲ್ಲ ಸರ್."

"ನಾನು ಹೇಳ್ತಿದೀನಲ್ಲ!"

"ನೀವು ಹೇಳಿದ್ರೂ ಕೂಡದು ಸರ್. ನಿಮ್ಮದೇ ಸಹಿ ಇದೆ."

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!"

"ನಾಳೇದು ನಾಳೆ," ಅಂದೆ.

"ಅವರು ಎಳ್ಕೊಂಡು ಹೋಗ್ತಿದ್ರು ತಾಯಿ," ಚಿಕ್ಕಮ್ಮ ಹೇಳುತ್ತಿದ್ದಳು. "ಗುಡಿಸಿದ ಮೆಟ್ಟಿಲು ಅಂತ ನಿನ್ನ ಮಗ ಚಪ್ಪಲಿ ಬಿಟ್ಟ. ಅಷ್ಟು ಗಲಾಟೆಯಲ್ಲೂ ಬಿಟ್ಟ. ಅಜ್ಜಿ, ಇಟ್ಕೊಂಡಿರು, ಇಳಿಯುವಾಗ ಇಸ್ಕೋತೀನಿ ಅಂದ."

ಮುಂದಿನ ಸಾಲಿನಲ್ಲಿ ಯಾರದೋ ಕೆಮ್ಮು ಅರ್ಧಕ್ಕೇ ನಿಂತಿತು. ಒಂದು ಸಾಲೂ ತಪ್ಪದೆ ನಾಲ್ಕು ಪುಟ ಹೇಳಿದಳು. ಕೊನೆಗೆ ಸೀರೆಯ ಮಡಿಲಿನಿಂದ ಒಂದು ಜೊತೆ ಪುಟ್ಟ ಚಪ್ಪಲಿ ತೆಗೆದು ತಾಯಿಯ ಮಡಿಲಲ್ಲಿಟ್ಟಳು. ಅದು ಯಾವ ತಾಲೀಮಿನಲ್ಲೂ ಇರಲಿಲ್ಲ.

"ನೋಡು," ಅಂದಳು.

ಕೊಟ್ಟ ಮಾತನ್ನು ನುಂಗುವ ನಟಿಯಲ್ಲ ನನ್ನ ಚಿಕ್ಕಮ್ಮ. ಇಡೀ ಸಭೆ ಚಪ್ಪಲಿಯನ್ನು ನೋಡುತ್ತಿತ್ತು.

"ಬಂತಲ್ಲ ಮಾತು! ಈಗ ಒತ್ತು!"

ಬಂದಿತ್ತು. ಇಷ್ಟು ಹೊತ್ತು ನಿಯಮದ ಮರೆಯಲ್ಲಿ ನಿಂತು ಧೈರ್ಯ ತೋರಿಸಿದ್ದೆ. ಈಗ ನಿಯಮ ಅವರ ಪಾಲಿಗೆ ಹೋಯಿತು, ನನ್ನ ಹತ್ತೊಂಬತ್ತು ವರ್ಷದ ಜಂಬವೂ ಅವರ ಪಾಲಿಗೇ ಹೋಯಿತು.

ಬೆರಳು ತೆಗೆದೆ. ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟೆ. ಅದು ಅಲ್ಲೇ ಕಿರುಚುತ್ತಿರಲಿ ಎಂದು ಬಿಟ್ಟು, ಪುಸ್ತಕದಲ್ಲಿ ನಲವತ್ತೆರಡರ ಎದುರು ಬರೆದೆ: 'ಮಾತು ಬಂತು. ನಾನು ಒತ್ತಲಿಲ್ಲ.' ಕೆಳಗೆ ಅವರಿಗಿಂತ ಉದ್ದವಾಗಿ ಸಹಿ ಹಾಕಿದೆ.